ಮಿಲ್ಲಿನ ಸದ್ದಿಗೆ ಟಿಕೆಟ್ ಕೊಳ್ಳುವ ಅಕ್ಕ

ಅಕ್ಕಿ ಮಿಲ್ಲಿನ ಸದ್ದು ಕೇಳಲೆಂದು ಎರಡು ವಿಮಾನ ಬದಲಿಸಿ ಪರದೇಶಕ್ಕೆ ಹೋಗಿ, ಚಳಿಯಲ್ಲಿ ಸರದಿ ನಿಂತು, ಟಿಕೆಟ್ ಕೊಂಡು ಒಳಗೆ ಹೋಗುವ ವ್ಯಕ್ತಿ ಈ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ. ಅವಳು ನಮ್ಮ ಅಕ್ಕ! ಮಾನ್ವಿಯ ನಮ್ಮ ಮನೆಯ ಹಿಂದೆಯೇ ಅಕ್ಕಿ ಮಿಲ್ಲಿತ್ತು. ಗೋಡೆಗೆ ಒರಗಿ ಕೂತರೆ ಸಾಕು, ಪುಕ್ಕಟೆ ಕೇಳಬಹುದಿತ್ತು. ನಮ್ಮಿಬ್ಬರ ಬಾಲ್ಯ ಆ ದಡದಡದಲ್ಲೇ ಕಳೆಯಿತು. ನನಗೆ ಅದರಿಂದ ತಲೆನೋವು ಬಂತು, ಅವಳಿಗೆ ಕುಣಿತ ಬಂತು. ಒಂದೇ ಕೊಡದ ನೀರು ಕುಡಿದವರು ಹೀಗೇಕೆ ಬೇರೆ ಬೇರೆ ಆಗುತ್ತಾರೆ, ಹೇಳಿ?

ಅಕ್ಕ ನರ್ಸು. ರಾಯಚೂರಿನಲ್ಲಿ ಓದಿ, ಜರ್ಮನ್ ಭಾಷೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಗೆದ್ದು, ಬರ್ಲಿನ್ನಿನ ಒಂದು ಆಸ್ಪತ್ರೆ ಸೇರಿದಳು. ಮೊದಲ ವರ್ಷ ಫೋನಿನಲ್ಲಿ ಅಳುತ್ತಿದ್ದಳು. ಎರಡನೆಯ ವರ್ಷ ಭಾನುವಾರ ಫೋನೇ ಎತ್ತಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಕುಣಿಯಲು ಹೋಗುತ್ತಾಳೆಂದು ತಿಳಿದದ್ದು ಆಮೇಲೆ. ಅಲ್ಲಿ ಶನಿವಾರ ಶುರುವಾದ ಸಂಗೀತ ಸೋಮವಾರದವರೆಗೆ ನಿಲ್ಲುವುದಿಲ್ಲವಂತೆ. ಊರವರು ಚರ್ಚಿಗೆ ಹೋಗುವ ಹೊತ್ತಿಗೆ ಇವಳು ಮುಖ ತೊಳೆದು, ಬುತ್ತಿ ಕಟ್ಟಿಕೊಂಡು, ಕ್ಲಬ್ಬಿಗೆ!

ಒಮ್ಮೆ ಆ ಸಂಗೀತವನ್ನು ನನಗೂ ಕಳಿಸಿದಳು. ಹನ್ನೆರಡು ನಿಮಿಷ ತಾಳ್ಮೆಯಿಂದ ಕೇಳಿ ಫೋನ್ ಮಾಡಿದೆ.

"ಅಕ್ಕಾ, ಹಾಡೋರು ಯಾವಾಗ ಬರ್ತಾರ?"

"ಹಾಡೋರು ಬರಂಗಿಲ್ಲಲೇ."

"ಮತ್ತ ಇಷ್ಟೊತ್ತು ಏನ್ ತಯಾರಿ ನಡದದ?"

"ಮಿಲ್ಲು ಹಾಡ್ತದೇನು? ನಡೀತದ. ಇದೂ ನಡೀತದ. ನೀ ಸುಮ್ನ ಅದರ ಕೂಡ ನಡಿ."

ಅವಳು ಕುಣಿಯುವ ಜಾಗವೂ ಮುಚ್ಚಿಹೋದ ಹಳೆಯ ಕಾರ್ಖಾನೆಯಂತೆ. ಅಷ್ಟರಲ್ಲಿ ನಮ್ಮ ಹಿತ್ತಲಿನ ಮಿಲ್ಲೂ ಬಂದ್ ಆಗಿತ್ತು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಮಿಲ್ಲು ಬಂದಾದರೆ ಹಮಾಲರು ಊರು ಬಿಡುತ್ತಾರೆ, ಅಲ್ಲಿ ಬಂದಾದರೆ ಕುಣಿಯುವವರು ಊರಿಗೆ ಬರುತ್ತಾರೆ.

ಅವಳ ಬುತ್ತಿಯ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಕ್ಲಬ್ಬಿನ ಬಾಗಿಲಲ್ಲಿ ಒಬ್ಬ ದೈತ್ಯ ನಿಂತಿರುತ್ತಾನೆ. ಮುಖ ನೋಡಿ ಒಳಗೆ ಬಿಡುತ್ತಾನೆ, ಇಲ್ಲವೇ ಕಾರಣ ಹೇಳದೆ ತಿರುಗಿ ಕಳಿಸುತ್ತಾನೆ. ಒಂದು ಭಾನುವಾರ ಅವನು ಅಕ್ಕನ ಚೀಲದಲ್ಲಿ ಸಜ್ಜೆ ರೊಟ್ಟಿಯ ಕೆಳಗೆ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಕಂಡ. ಒಳಗೆ ಕೆಂಪು ಪುಡಿ! ಇದೇನೆಂದು ಗದರಿದ. ಶೇಂಗಾ ಚಟ್ನಿಪುಡಿಗೆ ಜರ್ಮನ್ ಭಾಷೆಯಲ್ಲಿ ಏನೆನ್ನುತ್ತಾರೆಂದು ಯಾವ ಪರೀಕ್ಷೆಯಲ್ಲಿ ಕೇಳಿದ್ದರು? ಅವನು ಅನುಮಾನದಿಂದ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಆಮೇಲೆ ಬಾಗಿಲು ಬಿಟ್ಟು ನೀರು ಹುಡುಕುತ್ತ ಓಡಿದ. ಸರದಿಯಲ್ಲಿದ್ದವರೆಲ್ಲ ಆ ದಿನ ತಪಾಸಣೆಯಿಲ್ಲದೆ ಒಳಗೆ!

ನಾನು ರಾಯಚೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಸಾಕ್ಷಿಯಿಲ್ಲದ್ದನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುವವನು. ಅಕ್ಕ ಹೇಳಿದ್ದು ಬಹುಶಃ ಅವನು ಕೆಮ್ಮಿದ ಎಂದಷ್ಟೇ. ಓಡಿದ್ದು, ಸರದಿ ಒಳನುಗ್ಗಿದ್ದು ನಾನು ಸೇರಿಸಿದ್ದಿರಬೇಕು. ಜನ ನಕ್ಕ ಹಾಗೆಲ್ಲ ಅಕ್ಕನನ್ನು ಇನ್ನಷ್ಟು ವಿಚಿತ್ರ ಮಾಡುತ್ತ ಹೋದೆ. ಪಾಪ, ದೂರದಲ್ಲಿದ್ದಳು. ಅಲ್ಲವೆನ್ನಲು ಇಲ್ಲಿರಲಿಲ್ಲ.

ಮೊದಲ ರಜೆಗೆ ಬಂದಾಗ ಸ್ಪೀಕರಿನಲ್ಲಿ ತನ್ನ ಸಂಗೀತ ಹಚ್ಚಿದಳು. ತಾಯಿಯಿಲ್ಲದ ನಮ್ಮನ್ನು ಬೆಳೆಸಿದ ದೊಡ್ಡವ್ವ ಅಡುಗೆ ಮನೆಯಿಂದ ಕೂಗಿದಳು: "ಆ ಕೂಲರ್ ಬಂದ್ ಮಾಡ್ರಿ! ಮೋಟರ್ ಸುಡಾಕತ್ತದ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಗೀತ ನಿಲ್ಲಿಸಲಿಲ್ಲ, ಕೂಲರ್ ನಿಲ್ಲಿಸಿದಳು. ಮೇ ತಿಂಗಳ ಮಾನ್ವಿಯಲ್ಲಿ!

ಅದೇ ರಜೆಯಲ್ಲಿ ದೊಡ್ಡವ್ವನಿಗೆ ಅಕ್ಕನ ನೋಟ್‌ಬುಕ್ಕಿನಲ್ಲಿ ಸಾಲಾಗಿ ಅಂಟಿಸಿದ ಬಣ್ಣಬಣ್ಣದ ಗುಂಡು ಚುಕ್ಕೆಗಳು ಸಿಕ್ಕವು.

"ಮದುವಿ ಇಲ್ಲ, ಮಕ್ಕಳಿಲ್ಲ. ಇಷ್ಟು ಟಿಕಳಿ ಯಾರಿಗೆ ತಂದೀದಿ ಬೇ?"

ಅವು ಕ್ಲಬ್ಬಿನ ಬಾಗಿಲಲ್ಲಿ ಫೋನಿನ ಕ್ಯಾಮೆರಾ ಮುಚ್ಚಲು ಅಂಟಿಸುವ ಸ್ಟಿಕ್ಕರುಗಳು. ಹೇಳುವಷ್ಟರಲ್ಲಿ ದೊಡ್ಡವ್ವ ಒಂದು ಹಸಿರನ್ನು ಹಣೆಗಿಟ್ಟುಕೊಂಡು ಓಣಿ ತಿರುಗಿ ಬಂದಿದ್ದಳು. "ಜರ್ಮನಿ ಟಿಕಳಿ. ಬೆವರಿಗೂ ಬಿಡಂಗಿಲ್ಲ!"

ಒಳಗೆ ಕುಣಿದವರ ಚಿತ್ರ ಹೊರಗೆ ಹೋಗಬಾರದು, ಅದಕ್ಕೇ ಆ ಚುಕ್ಕೆ ಎಂದು ಅಕ್ಕ ವಿವರಿಸಿದಳು. ಈ ನಿಯಮ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಓದಿದ ನನಗಂತೂ ಆಗಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ವಿಡಿಯೋ ಕಳಿಸಿದಳು. ಯಾವುದೋ ಉದ್ಯಾನದಲ್ಲಿ, ಹಾಡುಹಗಲಲ್ಲಿ, ಕಣ್ಣು ಮುಚ್ಚಿ ಕುಣಿಯುತ್ತಿದ್ದಾಳೆ. ತೋಳಿಲ್ಲದ ಅಂಗಿ, ಕೆದರಿದ ಕೂದಲು. 'ನಿನಗೊಬ್ಬಂಗ' ಎಂದು ಬರೆದಿದ್ದಳು. ನಾನು ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ, 'ಅಕ್ಕನ ಹೊಸ ಭಜನಾ ಮಂಡಳಿ' ಎಂಬ ಸಾಲಿನ ಜೊತೆ. ಮಜಾಕಿಗೆ. ಹಾಗೆಂದು ಈಗ ಹೇಳುತ್ತೇನೆ. ಹೊಟ್ಟೆಕಿಚ್ಚೂ ಇತ್ತೇನೋ; ನಾನೆಂದೂ ಕಣ್ಣು ಮುಚ್ಚಿ ಏನನ್ನೂ ಮಾಡಿದವನಲ್ಲ. ಸಂಜೆಗೆ ಅದು ಸಿರವಾರದ ಬೀಗರ ಅಂಗಡಿ ಮುಟ್ಟಿ, ನನ್ನ ಹೆಂಡತಿಯ ತವರು ಮಸರಕಲ್ಲಿಗೂ ಹೋಯಿತು. ನಾನು ಅಳಿಸಿದೆ. ಅಳಿಸಿದ್ದು ನನ್ನ ಫೋನಿನಿಂದ ಮಾತ್ರ.

ಅಕ್ಕ ಬೈಯಲಿಲ್ಲ. ನನಗೆ ಮಗಳು ಹುಟ್ಟಿದಳೆಂದು ತಿಳಿದಾಗ ಅವಳು ಕೇಳಿದ್ದು ಒಂದೇ: "ತೊಟ್ಟಿಲ ಯಾವತ್ತು?" ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಬಗ್ಗಿ ಕುರ್ರ್ ಎಂದು ಹೆಸರು ಉಸುರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಅಕ್ಕ ಎರಡು ತಿಂಗಳು ಫೋನಿನಲ್ಲಿ ಕುರ್ರ್ ಅಭ್ಯಾಸ ಮಾಡಿದಳು! "ಗುದ್ದೋರಿಗೆ ಹೇಳಿಡಲೇ, ತಾಳ ತಪ್ಪಬಾರದು. ಒಂದಾ, ಎರಡಾ, ಮೂರಾ, ನಾಕ. ಬಿಟ್ಟು ಬಿಟ್ಟು ಗುದ್ದಿದ್ರ ನಾ ಎದ್ದ ಬಿಡ್ತೀನಿ."

ಮಸರಕಲ್ಲಿನಲ್ಲಿ ತೊಟ್ಟಿಲು ಕಟ್ಟಿತ್ತು. ಅಕ್ಕ ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಬಗ್ಗಿದಳು. ದೊಡ್ಡವ್ವ ಕೈ ಅಡ್ಡ ಹಿಡಿದಳು.

"ಆಕಿ ಕೈಲೆ ಬ್ಯಾಡ. ಮಂದಿ ಮುಂದ ಹಂಗ ಮೈ ಕುಣಿಸಿದಾಕಿ ನಮ್ಮ ಕೂಸಿನ ಕಿವಿಗೆ ಬಾಯಿ ಹಚ್ಚಬೇಕೇನು?"

"ಅದಕ್ಕಂತನ ರಜಾ ಹಾಕಿ ಬಂದೀನಿ, ದೊಡ್ಡವ್ವ."

"ಬಂದೀಯಲ್ಲ, ಕುಂದ್ರು. ಉಣ್ಣು."

ಬರ್ಲಿನ್ನಿನ ಆ ದೈತ್ಯ ಒಮ್ಮೆಯೂ ತಿರುಗಿ ಕಳಿಸದವಳು ತಮ್ಮನ ಮಗಳ ತೊಟ್ಟಿಲ ಮುಂದೆ ನಿಂತುಬಿಟ್ಟಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು. ಕೂಸಿನ ಅಪ್ಪ ನಾನೇ ತಾನೆ? ಆ ವಿಡಿಯೋ ಹಂಚಿದವನು ನಾನು, ತಪ್ಪು ನನ್ನದು ಎನ್ನಲು ಎರಡು ಉಸಿರಿನಷ್ಟು ಹೊತ್ತು ಸಾಕಿತ್ತು. ನಾನು ಗಡಿಯಾರ ನೋಡಿ ಅಂದೆ: "ಮುಹೂರ್ತ ಮೀರ್ತದ. ಶುರು ಮಾಡ್ರಿ."

"ಹೌದು, ಹೊತ್ತಾಗ್ತದ," ಎಂದಳು ಅಕ್ಕ. ಪಕ್ಕಕ್ಕೆ ಸರಿದಳು.

ಸಿರವಾರಕ್ಕೆ ಕೊಟ್ಟಿದ್ದ ದೊಡ್ಡವ್ವನ ಮಗಳು ಹೆಸರಿಟ್ಟಳು. ಗುದ್ದುಗಳು ಬಿದ್ದವು, ನಗು ಎದ್ದಿತು. ಯಾರೋ ಅಕ್ಕನ ಕೈಗೆ ಫೋನ್ ತುರುಕಿದರು: "ನೀ ಫೋಟೋ ತೆಗಿಯವ್ವಾ. ನಿನಗ ಇವೆಲ್ಲ ಚಂದ ಬರ್ತಾವಲ್ಲ." ತೆಗೆದಳು, ಒಂದೂ ಅಲುಗದ ಹಾಗೆ. ಅದಕ್ಕೇ ಆ ದಿನದ ಯಾವ ಚಿತ್ರದಲ್ಲೂ ಅವಳಿಲ್ಲ. ನನ್ನ ಡೈರಿ ತೆಗೆದು ನೋಡಿದರೆ ಆ ದಿನಾಂಕಕ್ಕೆ ಒಂದೇ ಸಾಲು: 'ನಾಮಕರಣ ಚೆನ್ನಾಗಿ ಆಯಿತು.' ನಾಳೆ ಯಾರಾದರೂ ಇತಿಹಾಸ ಬರೆದರೆ ಇದನ್ನೇ ಸಾಕ್ಷಿ ಎನ್ನುತ್ತಾರೆ!

ಎರಡು ದಿನದ ಮೇಲೆ ಅಕ್ಕನನ್ನು ರಾಯಚೂರಿನಲ್ಲಿ ರೈಲು ಹತ್ತಿಸಬೇಕಿತ್ತು. ಕೂಸಿಗೂ ಅಲ್ಲೇ ಲಸಿಕೆ ಇದ್ದುದರಿಂದ ಹೆಂಡತಿಯೂ ಕಾರಿನಲ್ಲಿದ್ದಳು. ಕಾಲುವೆಯ ಹತ್ತಿರ ಬಂದಾಗ ಹೆಂಡತಿ, "ಗಾಡಿ ನಿಲ್ಲಸ್ರಿ," ಎಂದಳು. ಕೂಸು ಹಾಲು ಕಕ್ಕಿತೆಂದುಕೊಂಡೆ. ಅವಳು ಕೆಳಗಿಳಿದು ಅಕ್ಕನ ಕಡೆಯ ಬಾಗಿಲು ತೆಗೆದಳು.

"ಅಕ್ಕಾರ, ಇಳೀರಿ. ಹೆಸರು ಇಡ್ರಿ."

"ಇಟ್ಟಾಗ್ಯದಲ್ಲವ್ವಾ."

"ಅದು ಮಂದಿ ಇಟ್ಟದ್ದು. ಇದು ನನ್ನ ಮಗಳು."

ಅಕ್ಕ ಇಳಿದಳು. ಕೂಸನ್ನು ಎರಡೂ ಕೈಯಲ್ಲಿ ತಗೊಂಡು ರಸ್ತೆಗೆ ಬೆನ್ನು ಮಾಡಿ ಬಗ್ಗಿದಳು. ಕುರ್ರ್ ಎಂದದ್ದು ಕೇಳಿಸಿತು. ಹೆಸರು ಕೇಳಿಸಲಿಲ್ಲ. ಹೆಂಡತಿ ಅವಳ ಬೆನ್ನಿಗೊಂದು ಗುದ್ದಿ ನನ್ನತ್ತ ತಿರುಗಿದಳು. "ನೋಡ್ತೀರೇನು? ಬರ್ರಿ, ಗುದ್ರಿ. ಇಲ್ಲಿ ಬ್ಯಾರೆ ಹೆಂಗಸರು ಎಲ್ಲದಾರ?"

ನಾನು ಹೋಗಿ ಕೈಯಿಟ್ಟೆ.

"ಜೋರ್ ಗುದ್ದಲೇ," ಎಂದಳು ಅಕ್ಕ, ಕೂಸಿನಿಂದ ಮುಖ ಎತ್ತದೆ. "ಕೈಯಾಗ ಕಸುವಿಲ್ಲೇನು?"

ಗುದ್ದಿದೆನೋ, ಸುಮ್ಮನೆ ಕೈ ಇಟ್ಟುಕೊಂಡೇ ನಿಂತೆನೋ, ನೆನಪನ್ನು ನಂಬಲಾರೆ. ಅವಳ ಬೆನ್ನು ಇಷ್ಟು ಸಣ್ಣದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.