ಬೋರ್ಡಿನಲ್ಲಿ ಹಿಡಿಯದ ನಿಯಮ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಈ ಬರಹ ನನ್ನ ಹೆಂಡತಿಯ ಕೈಗೆ ಸಿಕ್ಕರೆ ಅವಳು ಮೊದಲು ಹೇಳುವ ಮಾತೇ ಅದು. ಕೆಲವರಿಗೆ ಹಸಿವಾದರೆ ಸಿಟ್ಟು ಬರುತ್ತದೆ, ಕೆಲವರಿಗೆ ಸಾರಿನಲ್ಲಿ ಉಪ್ಪು ಕಡಿಮೆಯಾದರೆ ಬರುತ್ತದೆ. ನನಗೆ ಬರುವುದು ಬೋರ್ಡು ಓದದ ಜನರನ್ನು ಕಂಡರೆ. 'ಇಲ್ಲಿ ನಿಲ್ಲಬೇಡಿ' ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬರೆದಿರುತ್ತದೆ. ಒಬ್ಬ ಪುಣ್ಯಾತ್ಮ ಅದಕ್ಕೇ ಬೆನ್ನು ಕೊಟ್ಟು ನಿಂತು ಬೀಡಿ ಹಚ್ಚುತ್ತಿರುತ್ತಾನೆ. 'ಬೆಂಕಿ ಹಚ್ಚಬೇಡಿ' ಎಂಬ ಬೋರ್ಡು ಪಕ್ಕದಲ್ಲೇ ಇರುತ್ತದೆ. ಅದರ ಮೇಲೆ ಅವನಿಗಿಂತ ಮೊದಲು ಬಂದವನು ಎಲೆಯಡಿಕೆಗೆ ಹಚ್ಚಿ ಮಿಕ್ಕ ಸುಣ್ಣವನ್ನು ಒರೆಸಿ ಹೋಗಿರುತ್ತಾನೆ. ಇಂಥದ್ದನ್ನು ನೋಡಿದಾಗ ನನ್ನ ಮೈಯೆಲ್ಲ ಉರಿದುಹೋಗುತ್ತದೆ.

ಉರಿಯುವುದಕ್ಕೆ ಕಾರಣವಿದೆ. ಆ ಬೋರ್ಡುಗಳನ್ನು ಬರೆಯುತ್ತಿದ್ದವನು ನಾನೇ. ಕೋಲಾರದ ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದು ಇನ್ನೂ ಬಹಳ ಕಾಲವಾಗಿರಲಿಲ್ಲ. ಊರಿಗಾಂನಲ್ಲಿ ಗಣಿಯ ಸುರಕ್ಷತೆ ನೋಡಿಕೊಳ್ಳುವ ಕಚೇರಿಯಲ್ಲಿ ನಾನು ಗುಮಾಸ್ತ. ಕೈಬರಹ ಚೆನ್ನಾಗಿದೆ, ಕನ್ನಡ ತಮಿಳು ತೆಲುಗು ಮೂರೂ ಬರುತ್ತವೆ ಎಂಬ ಎರಡು ತಪ್ಪುಗಳಿಗಾಗಿ ಬೋರ್ಡು ಬರೆಯುವ ಕೆಲಸವೂ ನನ್ನ ತಲೆಗೇ ಬಂದಿತ್ತು. ತಗಡುಗಳೆಲ್ಲ ಒಂದೇ ಅಳತೆಯವು. ಮೇಲಿನವರು ಕಳಿಸುವ ನಿಯಮಗಳಿಗೆ ಮಾತ್ರ ಅಳತೆಯೇ ಇರುತ್ತಿರಲಿಲ್ಲ. ನಾನೋ ದುಂಡಗೆ, ದೊಡ್ಡದಾಗಿ ಬರೆಯುವವನು. ಮೂರು ಭಾಷೆಗಳನ್ನು ಒಂದೇ ತಗಡಿನಲ್ಲಿ ತುಂಬುವ ಹೊತ್ತಿಗೆ ಜಾಗ ಮುಗಿದುಹೋಗುತ್ತಿತ್ತು. ಅದಕ್ಕೆ ನನ್ನದೇ ಒಂದು ಉಪಾಯ ಕಂಡುಕೊಂಡಿದ್ದೆ: ಕೊನೆಯ ಒಂದೆರಡು ನಿಯಮಗಳನ್ನು ಕೈಬಿಡುವುದು. ಮುಖ್ಯವಾದದ್ದನ್ನು ಯಾರಾದರೂ ಮೊದಲೇ ಹೇಳುತ್ತಾರೆ, ಕೊನೆಯಲ್ಲಿ ಬರುವುದೆಲ್ಲ ಬರೀ ಉಪಚಾರದ ಮಾತು ಎಂಬುದು ನನ್ನ ಸಿದ್ಧಾಂತ. ಇದರ ಬಗ್ಗೆ ಒಂದು ದೂರೂ ಬರಲಿಲ್ಲ. ಯಾರೂ ಓದದ ಬೋರ್ಡಿನ ಬಗ್ಗೆ ದೂರು ಎಲ್ಲಿಂದ ಬರಬೇಕು!

ಓದದವರಲ್ಲಿ ಮೊದಲಿಗರು ನಮ್ಮ ಮಾವ. ಮುನಿಶಾಮಪ್ಪ ಅಂತ ಹೆಸರು. ನನ್ನ ತಾಯಿಯ ತಮ್ಮ, ಹೆಂಡತಿ ಸರೋಜಳ ತಂದೆ, ಹೀಗಾಗಿ ನನ್ನನ್ನು ಎರಡು ಕಡೆಯಿಂದ ಬಯ್ಯುವ ಹಕ್ಕು ಪಡೆದವರು. ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಗಣಿಗೆ ಬಂದು, ಮೂವತ್ತು ವರ್ಷ ಭೂಮಿಯ ಒಳಗೆ ದುಡಿದು, ನಿವೃತ್ತರಾಗಿ ನಮ್ಮ ಮನೆಯಲ್ಲೇ ಇದ್ದರು. ಅವರಿಗೆ ಓದು ಬರದು. ಮೂವತ್ತು ವರ್ಷದಲ್ಲಿ ಒಂದು ಬೋರ್ಡನ್ನೂ ಓದದೆ ಹತ್ತು ಬೆರಳುಗಳನ್ನೂ ಜೋಪಾನವಾಗಿ ಹೊರಗೆ ತಂದಿದ್ದರು. ನಾನು ಒಂದೇ ಒಂದು ಸಲ ಗಣಿಯ ಒಳಗೆ ಇಳಿದವನು 'ತಲೆ ಜೋಪಾನ' ಎಂದು ನಾನೇ ಬರೆದ ಬೋರ್ಡಿಗೆ ತಲೆ ಹೊಡೆಸಿಕೊಂಡು ಬಂದಿದ್ದೆ. ಈ ಕಥೆಯನ್ನು ಅವರು ನಮ್ಮ ಸಾಲುಮನೆಗಳವರಿಗೆಲ್ಲ ಹೇಳಿದ್ದರು. ಅವರಿಗೆ ಗೊತ್ತಿದ್ದದ್ದು ಒಂದೇ ಸುರಕ್ಷತೆ. ಹೆಜ್ಜೆ ಇಡುವ ಮೊದಲು ಕೋಲಿನಿಂದ ಬಂಡೆಯನ್ನು ತಟ್ಟುವುದು, ಸದ್ದು ಕೇಳುವುದು. ಗಟ್ಟಿ ಸದ್ದು ಬಂದರೆ ಮುಂದೆ, ಪೊಳ್ಳು ಸದ್ದು ಬಂದರೆ ಹಿಂದೆ. ಮನೆಯಲ್ಲೂ ಒಮ್ಮೊಮ್ಮೆ ಗೋಡೆ ತಟ್ಟಿ ನೋಡುತ್ತಿದ್ದರು.

ಬೆರಳು ಉಳಿದರೂ ಎದೆ ಉಳಿದಿರಲಿಲ್ಲ. ಒಳಗಿನ ಕಲ್ಲುಧೂಳು ಎದೆಗೆ ಇಳಿದು, ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಸಾಲುತ್ತಿರಲಿಲ್ಲ. "ನಾಲ್ಕು ದಿನ ಕಡಲ ಗಾಳಿ ಕುಡಿಸಿಕೊಂಡು ಬನ್ನಿ" ಎಂದು ಡಾಕ್ಟರು ಹೇಳಿದರು. ಮಾವ ಕಡಲನ್ನು ಕಂಡವರೇ ಅಲ್ಲ. ಅವರು ಕಂಡಿದ್ದ ಅತಿ ದೊಡ್ಡ ನೀರೆಂದರೆ ನಮಗೆಲ್ಲ ಕುಡಿಯುವ ನೀರು ಕೊಡುವ ಬೇತಮಂಗಲದ ಕೆರೆ. "ಅದ್ಕಿಂತ ದೊಡ್ದೇನ್ಲಾ ಕಡ್ಲು?" ಎಂದು ಕೇಳಿದರು. ಹೌದು ಎಂದೆ. ನಂಬಲಿಲ್ಲ.

ನಾನು ತಯಾರಿಯಿಲ್ಲದೆ ಹೊರಡುವವನಲ್ಲ. ಗಣಿಯವರ ಕ್ಲಬ್ಬಿನ ಲೈಬ್ರರಿಯಲ್ಲಿ ಹುಡುಕಿ ಒಂದು ಇಂಗ್ಲಿಷ್ ಪುಸ್ತಿಕೆ ತಂದೆ. ಕಡಲು ಹಿಂದೆ ಸರಿದಾಗ ದಡದ ಬಂಡೆಗಳ ನಡುವೆ ನಿಲ್ಲುವ ನೀರಿನ ಗುಂಡಿಗಳಲ್ಲಿ ಏನೇನು ಜೀವಿಗಳಿರುತ್ತವೆ, ಅವನ್ನು ಅಪಾಯವಿಲ್ಲದೆ ನೋಡುವುದು ಹೇಗೆ ಎಂಬುದರ ಮೇಲೆ ಹನ್ನೆರಡು ನಿಯಮಗಳು. ಬರೆದವನು ಯಾವುದೋ ಚಳಿದೇಶದವನು, ಒದ್ದೆಯಾದರೆ ಉಣ್ಣೆಯ ಕಾಲುಚೀಲ ಬದಲಿಸಿ ಎಂದೂ ಬರೆದಿದ್ದ. ಉಳಿದದ್ದೆಲ್ಲ ಅಪ್ಪಟ ಚಿನ್ನ. ಕಡಲು ಇಳಿಯುವ ಹೊತ್ತನ್ನು ಅಲ್ಲಿನವರಲ್ಲಿ ಕೇಳಿ ಹೋಗಿ, ಏರುವ ಮೊದಲೇ ಹಿಂತಿರುಗಿ. ಕಡಲಿಗೆ ಎಂದೂ ಬೆನ್ನು ಹಾಕಬೇಡಿ. ಪಾಚಿಯ ಮೇಲೆ ಕಾಲಿಡಬೇಡಿ. ಕಾಣದ ಸಂದಿಗೆ ಕೈ ತೂರಿಸಬೇಡಿ. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿ. ನನಗೆ ಆ ಮನುಷ್ಯನ ಕಾಲಿಗೆ ಬೀಳಬೇಕೆನ್ನಿಸಿತು. ಒಂದು ರಟ್ಟು ಕತ್ತರಿಸಿ, ಕೆಂಪು ಬಣ್ಣದಲ್ಲಿ ಕನ್ನಡಕ್ಕೆ ಇಳಿಸಿದೆ. ಒಂಬತ್ತನೆಯ ನಿಯಮಕ್ಕೆ ರಟ್ಟು ತುಂಬಿತು. ಉಳಿದ ಮೂರನ್ನು ಸರಿಯಾಗಿ ಓದುವ ಗೋಜಿಗೂ ಹೋಗದೆ ಯಥಾಪ್ರಕಾರ ಕೈಬಿಟ್ಟೆ.

ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿ, ಮದರಾಸಿನಿಂದ ಬಸ್ಸಿನಲ್ಲಿ ಮಹಾಬಲಿಪುರಕ್ಕೆ ಹೋದೆವು. ಕಡಲನ್ನು ನೋಡಿ ಮಾವ ಕೋಲನ್ನು ಮರಳಿಗೆ ಊರಿ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. ಆಮೇಲೆ, "ಈಟು ನೀರ್ನ ಎಲ್ಲಿಗ್ಲಾ ಪಂಪು ಮಾಡೋದು?" ಎಂದರು. ಗಣಿಯೊಳಗೆ ನುಗ್ಗುವ ನೀರನ್ನು ಹೊರಹಾಕಿಯೇ ಬದುಕಿದವರಿಗೆ ನೀರು ಕಂಡರೆ ಪಂಪಿನ ಯೋಚನೆ ಬಿಟ್ಟು ಬೇರೆ ಯೋಚನೆ ಬಾರದು.

ಅಲ್ಲಿಂದ ಮುಂದೆ ಇಬ್ಬರೂ ನನ್ನ ಮಾತು ಕೇಳಲಿಲ್ಲ. ರಬ್ಬರ್ ಅಟ್ಟೆಯ ಬೂಟು ಹಾಕಿಕೋ ಎಂದರೆ ಸರೋಜ ಚಪ್ಪಲಿಯನ್ನೂ ಕಳಚಿ ಸೀರೆ ಎತ್ತಿಕಟ್ಟಿದಳು. ಮಾವ ಕೋಲು ಹಿಡಿದು ಟಕ್ ಟಕ್ ಎಂದು ಬಂಡೆ ತಟ್ಟುತ್ತ ಮುಂದೆ ಹೋಗೇಬಿಟ್ಟರು. "ಮಾವ, ಅದು ಗಣಿಯಲ್ಲ! ಕಡಲಿನ ಬಂಡೆಗೆ ಸದ್ದಲ್ಲ, ಪಾಚಿ ನೋಡಬೇಕು!" ಎಂದು ಕೂಗಿದೆ. ಅವರು ತಿರುಗಿಯೂ ನೋಡಲಿಲ್ಲ. ನನಗೆ ರೇಗಿತು. ಅವರನ್ನೂ ದಾಟಿ ಹೋಗಿ ನೀರಂಚಿನ ಒಂದು ಎತ್ತರದ ಬಂಡೆಯ ಮೇಲೆ ಹತ್ತಿ ನಿಂತು, ರಟ್ಟನ್ನು ಎತ್ತಿ ಹಿಡಿದು ಇಬ್ಬರಿಗೂ ಕೇಳುವಂತೆ ನಿಯಮಗಳನ್ನು ಒದರತೊಡಗಿದೆ. ಅವರಿಬ್ಬರೂ ದಡದ ಕಡೆ ಇದ್ದರು. ಹಾಗಾಗಿ ನನ್ನ ಬೆನ್ನು ಎತ್ತ ಕಡೆ ಇತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು. "ನಿಯಮ ಎರಡು" ಎನ್ನುವಷ್ಟರಲ್ಲಿ ಅಲೆ ಬಂತು. ನಾನು ಕೂತ ಭಂಗಿಯಲ್ಲಿ ಕೆಳಗಿದ್ದೆ, ರಟ್ಟು ತೇಲುತ್ತ ಹೋಗುತ್ತಿತ್ತು. ಅಲ್ಲೇ ಬಲೆ ಕೊಡವುತ್ತಿದ್ದ ಮೀನುಗಾರ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಡಲುಕ್ಕು ಪಡಿಕ್ಕ ತೆರಿಯಾದು ಸಾಮಿ!" ಎಂದಳು. ಕಡಲಿಗೆ ಓದಲು ಬರುವುದಿಲ್ಲವಂತೆ. ತಮಿಳು ಗೊತ್ತಿರುವುದು ಎಷ್ಟು ದೊಡ್ಡ ಶಾಪ ಎಂದು ಆಗ ತಿಳಿಯಿತು.

ನಾನು ಬಟ್ಟೆ ಹಿಂಡುತ್ತಿದ್ದಾಗ ಮಾವ ಒಂದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಮೊಣಕಾಲುದ್ದದ ತಿಳಿನೀರು. ಒಳಗೆ ಹಸಿರು ಪಾಚಿ, ಕರೀ ಮುಳ್ಳಿನ ಉಂಡೆಯಂಥ ಒಂದು ಜೀವಿ, ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳಿ ಮುಚ್ಚಿಕೊಳ್ಳುವ ಇನ್ನೊಂದು. ಮಾವ ನೋಡುತ್ತಿದ್ದದ್ದು ಒಂದು ಏಡಿಯನ್ನು. ಯಾವುದೋ ಸತ್ತ ಹುಳುವಿನ ಬುಗುರಿಯಂಥ ಶಂಖದೊಳಗೆ ಮೈ ತುರುಕಿಕೊಂಡು, ಅದನ್ನು ಹೊತ್ತುಕೊಂಡೇ ಅದು ಓಡಾಡುತ್ತಿತ್ತು. "ನೋಡ್ಲಾ ನಾರಾಣಿ, ನಮ್ಮಂಗೇ ಬಿಲದಾಗೆ ಕೆಲ್ಸ ಮಾಡೋನು. ಎಜ್ಜೆ ಇಡೋಕ್ ಮುಂಚೆ ತಟ್ಟಿ ನೋಡ್ತಾನೆ. ಮೇಸ್ತ್ರಿ ಕಣ್ಲಾ ಇವ್ನು" ಎಂದರು. ನಿಜವಾಗಿಯೂ ಅದು ಮುಂದಿನ ಕಾಲಿನಿಂದ ಕಲ್ಲನ್ನು ತಟ್ಟಿ ತಟ್ಟಿ ಮುಂದೆ ಹೋಗುತ್ತಿತ್ತು. ಅಷ್ಟು ಹೊತ್ತು ಮಾವ ಒಂದು ಸಲವೂ ಕೆಮ್ಮಲಿಲ್ಲ. ಅಂಗೈಯಲ್ಲಿ ಎತ್ತಿಕೊಂಡು ನೋಡಿ, ಎಲ್ಲಿತ್ತೋ ಅಲ್ಲಿಗೇ ಬಿಟ್ಟು, ಸರೋಜಳ ಜೊತೆ ಊಟಕ್ಕೆ ಎದ್ದುಹೋದರು.

ನಾನು ಎದ್ದುಹೋಗಲಿಲ್ಲ. ರಟ್ಟು ಹೋಗಿತ್ತು, ಮಾನ ಹೋಗಿತ್ತು, ಬರಿಗೈಯಲ್ಲಿ ಊರಿಗೆ ಹೋದರೆ ಮಾವ ಹೇಳುವ ಹೊಸ ಕಥೆಯೊಂದೇ ಉಳಿಯುತ್ತದೆ. ಕಚೇರಿಯವರ ಬಾಯಿ ಮುಚ್ಚಿಸಲು ಏನಾದರೂ ಬೇಕಿತ್ತು. ನಮ್ಮ ಕಡೆ ಗಣಿಗೆ ಊಟ ಒಯ್ಯುವ ಹಿಡಿಕೆಯ ಡಬ್ಬಿಗೆ ತೂಕು ಅನ್ನುತ್ತಾರೆ. ಅದನ್ನು ಬಿಟ್ಟು ಪ್ರವಾಸಕ್ಕೂ ಹೊರಡುವವರಲ್ಲ ನಾವು. ಅದರಲ್ಲಿ ಕಡಲನೀರು ತುಂಬಿ ಮೇಸ್ತ್ರಿಯನ್ನು ಎತ್ತಿ ಹಾಕಿದೆ.

ರೈಲಿನಲ್ಲಿ ಮುಚ್ಚಳ ತೆಗೆದು ತೋರಿಸಿದಾಗ ಮಾವನ ಮುಖ ಕಪ್ಪಿಟ್ಟಿತು. "ಯಾಕ್ಲಾ ತಂದೆ ಅದ್ನ? ನಾನು ಬಿಟ್ಬಂದಿದ್ದು ಕಾಣ್ಲಿಲ್ವ ನಿಂಗೆ?" ಎಂದರು. ಕಚೇರಿಯಲ್ಲಿ ತೋರಿಸುವುದಕ್ಕೆ ಎಂದೆ. ಅವರು ಬಯ್ಯಲಿಲ್ಲ, ಬಯ್ದಿದ್ದರೆ ನಾನೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ. ತೂಕನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ತಲೆಯ ಟವೆಲ್ಲನ್ನು ಒದ್ದೆ ಮಾಡಿ ಡಬ್ಬಿಗೆ ಸುತ್ತಿದರು. ಅರ್ಧಗಂಟೆಗೊಮ್ಮೆ ಮುಚ್ಚಳ ಸರಿಸಿ, "ಎದ್ದವ್ನೆ" ಎನ್ನುತ್ತಿದ್ದರು. ಬಂಗಾರಪೇಟೆ ಬರುವ ಹೊತ್ತಿಗೆ ತೀರ್ಮಾನವೂ ಆಗಿತ್ತು. "ಸೋಮ್ವಾರ ನಿನ್ನ ಆಪೀಸ್ನಾಗೆ ತೋರ್ಸ್ಕೊ. ಮಂಗ್ಳಾರ ನಾನೇ ರೈಲತ್ತಿ ತಗೊಂಡೋಗಿ ಬಿಟ್ಟು ಬತ್ತೀನಿ. ಅಲ್ಲೀಗಂಟ ಅವ್ನ ಜೀವ ನಿನ್ನ ಮೇಲೆ." ಹತ್ತು ಹೆಜ್ಜೆಗೆ ಒಮ್ಮೆ ಕೂರುವ ಮನುಷ್ಯ ಒಂದು ಏಡಿಗಾಗಿ ಮತ್ತೆ ಮದರಾಸಿಗೆ ಹೋಗುತ್ತಾರಂತೆ! ಹೋಗುವವರೇ ಎಂದು ನನಗೂ ಸರೋಜಳಿಗೂ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ತೂಕಿನ ನೀರು ವಾಸನೆ ಹೊಡೆಯುತ್ತಿತ್ತು. ಮೇಸ್ತ್ರಿ ಮೂಲೆ ಹಿಡಿದು ಕೂತಿದ್ದ. ಮಾವ ಬಿಸಿಲಿಗೆ ಹೊರಗೆ ಹೋಗಿದ್ದರು, ಸರೋಜ ಬಟ್ಟೆ ಒಗೆಯುತ್ತಿದ್ದಳು. ಜವಾಬ್ದಾರಿ ನನ್ನ ಮೇಲಿತ್ತು. ನಮ್ಮ ಸಾಲುಮನೆಗಳಲ್ಲಿ ನಲ್ಲಿಯ ನೀರು ಅಂದರೆ ಏನು ಅಂತ ಅಲ್ಲಿ ಬಾಳಿದವರಿಗೇ ಗೊತ್ತು. ಬೇತಮಂಗಲದಿಂದ ಬರುವ ಆ ಸಿಹಿನೀರಿಗಾಗಿ ಹೆಂಗಸರು ಕೊಡ ಸಾಲಾಗಿಟ್ಟು ಕಾಯುತ್ತಿದ್ದರು. ಮನೆಗೆ ಯಾರೇ ಬರಲಿ, ಮೊದಲು ಆ ನೀರಿನ ಒಂದು ಚೊಂಬು ಮುಂದಿಡುವುದು, ಆಮೇಲೆ ಕ್ಷೇಮಸಮಾಚಾರ. ನಮ್ಮ ಕೈಲಾಗುವ ದೊಡ್ಡ ಉಪಚಾರ ಅದೇ. ಹಾಳು ಉಪ್ಪುನೀರನ್ನು ಮೋರಿಗೆ ಚೆಲ್ಲಿ, ತೂಕನ್ನು ಬೂದಿ ಹಾಕಿ ತಿಕ್ಕಿ, ಕುಡಿಯುವ ಕೊಡದಿಂದಲೇ ಎರಡು ಚೊಂಬು ತಣ್ಣನೆಯ ಬೇತಮಂಗಲದ ನೀರು ಹುಯ್ದೆ. ಮೇಸ್ತ್ರಿಯನ್ನು ಅದರೊಳಗೆ ಬಿಟ್ಟೆ. ಮೂರು ದಿನದಲ್ಲಿ ನಾನು ಸಿಟ್ಟಿಲ್ಲದೆ ಮಾಡಿದ ಒಂದೇ ಒಂದು ಕೆಲಸ ಅದು.

ತಿಂಡಿ ತಿಂದು ಬಂದು ನೋಡಿದೆ. ಮೇಸ್ತ್ರಿ ಶಂಖದಿಂದ ಅರ್ಧ ಹೊರಗೆ ಬಂದು ಜೋತುಬಿದ್ದಿದ್ದ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮನೆ ಕಿತ್ತುಹೋಗುವ ಹಾಗೆ ಕೂಗಾಡಿದೆ. ಡಬ್ಬಿಯನ್ನು ಬಿಸಿಲಿಗೆ ಇಟ್ಟವರು ಯಾರು, ಸೋಪಿನ ಕೈ ಅದ್ದಿದವರು ಯಾರು, ಈ ಮನೆಯಲ್ಲಿ ಹೇಳಿದ ಮಾತು ಕೇಳುವವರು ಯಾರಾದರೂ ಇದ್ದಾರೆಯೇ! ಸರೋಜ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ತೂಕನ್ನು ನೋಡಿದಳು, ನೀರು ತಗ್ಗಿದ್ದ ಕೊಡವನ್ನು ನೋಡಿದಳು. "ಏನೂಂದ್ರೆ, ನೀರು ಬದಲಾಯ್ಸಿದ್ದು ಯಾರು?" ಎಂದು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಿ ಮಾವ ಬಂದಿದ್ದರು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಅಡಿಗೆಮನೆಗೆ ಹೋಗಿ ಹಿಡಿ ಕಲ್ಲುಪ್ಪು ತಂದು ನೀರಿಗೆ ಹಾಕಿ, ಕಲಕಿ, ಮತ್ತೆ ನಾಲಿಗೆಗೆ ಇಟ್ಟು, ಇನ್ನಷ್ಟು ಹಾಕಿ, ಕಡಲ ರುಚಿ ಬರುವವರೆಗೂ ಮಾಡಿದರು. ಮೇಸ್ತ್ರಿ ಏಳಲಿಲ್ಲ. ಮಾವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅದು ನಿಂತ ಮೇಲೆ ಗೋಡೆಗೆ ಒರಗಿ ಕೂತು ಹೇಳಿದರು: "ಉಪ್ಪು ಗಾಳೀಲಿ ಉಸ್ರಾಡ್ಲಿ ಅಂತ ನನ್ನ ಅಲ್ಲಿಗೆ ಕರ್ಕೊಂಡೋದೆ. ಉಪ್ಪಾಗೇ ಉಸ್ರಾಡೋನ್ನ ಸೀನೀರ್ಗೆ ಕರ್ಕೊಂಡ್ಬಂದೆ. ನೀನು ಒಳ್ಳೇದೇ ಮಾಡ್ದೆ ಕಣ್ಲಾ. ಕೇಳ್ದೆ ಮಾಡ್ದೆ, ಅಷ್ಟೇಯ."

ನನಗೆ ಇನ್ನೂ ಒಂದು ಆಸರೆಯಿತ್ತು. ಆ ಪುಸ್ತಿಕೆ ಬರೆದವನ ಮೇಲೆ ಸಿಟ್ಟು ಮಾಡಬಹುದಿತ್ತು. ಇಷ್ಟೆಲ್ಲ ಬರೆದವನು ಇದನ್ನೇಕೆ ಬರೆಯಲಿಲ್ಲ ಎಂದು ಕಿಡಿಕಿಡಿಯಾಗಿ ಪೆಟ್ಟಿಗೆಯಿಂದ ಅದನ್ನು ತೆಗೆದೆ. ಬರೆದಿದ್ದ. ಹತ್ತು: ನೋಡಲು ಎತ್ತಿಕೊಂಡ ಜೀವಿಯನ್ನು ಅದೇ ಗುಂಡಿಗೆ, ಬೇಗ ಬಿಡಿ. ಹನ್ನೊಂದು: ಸಿಹಿನೀರು ಅವುಗಳಿಗೆ ವಿಷ. ಹನ್ನೆರಡು: ಯಾವುದನ್ನೂ ಮನೆಗೆ ಒಯ್ಯಬೇಡಿ. "ಏನ್ಲಾ ಬರ್ದವ್ನೆ?" ಎಂದು ಮಾವ ಕೇಳಿದರು. ಜೀವಮಾನದಲ್ಲಿ ಮೊದಲ ಸಲ ಅವರು ಒಂದು ನಿಯಮವನ್ನು ಓದಿ ಹೇಳು ಎಂದು ಕೇಳಿದ್ದರು. ಓದಿ ಹೇಳಿದೆ. ನನ್ನ ರಟ್ಟಿನಲ್ಲಿ ಇವು ಯಾಕೆ ಇರಲಿಲ್ಲ ಎಂದರು. ಜಾಗ ಇರಲಿಲ್ಲ ಎಂದೆ.

ಆಮೇಲೆ ನನ್ನ ಅಕ್ಷರ ಸಣ್ಣದಾಯಿತು. ಬೋರ್ಡಿನಲ್ಲಿ ಒಂದು ನಿಯಮವನ್ನೂ ಬಿಡುವುದಿಲ್ಲ, ಯಾರೂ ಓದುವುದೂ ಇಲ್ಲ, ಸಿಟ್ಟು ಮೊದಲಿನಷ್ಟೇ ಬರುತ್ತದೆ. ಮೇಸ್ತ್ರಿಯ ಖಾಲಿ ಶಂಖ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದೆ. ಬಂದವರೆಲ್ಲ ಎತ್ತಿ ಕಿವಿಗೆ ಹಿಡಿಯುತ್ತಾರೆಂದು ಅದರ ಪಕ್ಕ 'ಇದ್ದಲ್ಲೇ ಬಿಡಿ' ಎಂದು ಕೆಂಪು ಬಣ್ಣದಲ್ಲಿ ಬರೆದು ಒಂದು ಸಣ್ಣ ರಟ್ಟು ನಿಲ್ಲಿಸಿದ್ದೇನೆ. ಅದನ್ನು ದಿನವೂ ತಪ್ಪದೆ ಓದುವವನು ಒಬ್ಬನೇ, ಅದನ್ನು ಬರೆದವನು.