ಹಾಲು ಒಗ್ಗದ ಡೈರಿ ಸೆಕ್ರೆಟರಿ

ಯಾರಿಗೆ ಯಾವುದು ಆಗಿಬರುವುದಿಲ್ಲವೋ ಅದೇ ಅವರ ಕೊರಳಿಗೆ ಬಂದು ಬೀಳುವುದು ಲೋಕದಲ್ಲಿ ದಿನಾ ನಡೆಯುತ್ತಲೇ ಇರುತ್ತದೆ. ನನಗೆ ಹಾಲು ಆಗುವುದಿಲ್ಲ, ನಾನು ಡೈರಿ ಸೆಕ್ರೆಟರಿ.

ಪೆರೇಸಂದ್ರದಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನಲ್ಲಿ ಡೈರಿ ಎಂದರೆ ಕಾರ್ಖಾನೆಯಲ್ಲ, ಹಾಲಿನ ಸಂಘದ ಒಂದು ಕೋಣೆ. ಬೆಳಿಗ್ಗೆ ಸಂಜೆ ಜನ ಮನೆಯಲ್ಲಿ ಕರೆದ ಹಾಲನ್ನು ತಂದು ಹಾಕುತ್ತಾರೆ. ನಾನು ಅಳತೆ ಮಾಡಿ, ಫ್ಯಾಟ್ ನೋಡಿ, ಲಾರಿಗೆ ಹತ್ತಿಸುತ್ತೇನೆ. ಮೈಯೆಲ್ಲ ಹಾಲಿನ ವಾಸನೆ. ಆದರೆ ಒಂದು ಲೋಟ ಒಳಕ್ಕೆ ಹೋದರೆ ಸಾಕು, ಹೊಟ್ಟೆಯಲ್ಲಿ ಯಾರೋ ಮಂಚ ಎಳೆದಾಡಿದ ಹಾಗೆ ಸದ್ದಾಗುತ್ತದೆ. ಆಮೇಲಿನದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅಳಿಯನ ಮುನಿಸು

ನನ್ನ ಹೆಂಡತಿಯ ತವರು ಸಾದಲಿ ಕಡೆ. ಮದುವೆಯಾದ ಹೊಸದರಲ್ಲಿ ಅವಳನ್ನು ನಾಲ್ಕು ದಿನ ತವರಿಗೆ ಬಿಟ್ಟು ಬರಲು ಹೋಗಿದ್ದೆ. ಹೊಸ ಅಳಿಯ ಬಂದಿದ್ದಾನೆಂದು ಅತ್ತೆ ಆ ದಿನ ಡೈರಿಗೆ ಒಂದು ತೊಟ್ಟೂ ಹಾಕದೆ ಹಾಲನ್ನೆಲ್ಲ ಉಳಿಸಿಕೊಂಡಿದ್ದರು. ನಾನು ಹೊರಡುವ ಹೊತ್ತಿಗೆ ದೊಡ್ಡ ಹಿತ್ತಾಳೆ ಲೋಟದ ತುಂಬ ಬಿಸಿ ಹಾಲು ತಂದು ಕೈಗಿಟ್ಟರು. ಮೇಲೆ ಬೆರಳುದಪ್ಪ ಕೆನೆ.

"ಕುಡೀರಪ್ಪ, ಊರೋರ ಹಾಲೆಲ್ಲ ನೋಡಿದೀರ. ನಮ್ಮ ಹಸೂದೂ ಒಸಿ ನೋಡಿ" ಎಂದರು.

ಬೇಡ ಎಂದರೆ ಅತ್ತೆ ನೊಂದುಕೊಳ್ಳುತ್ತಾರೆ. ಕಣ್ಣುಮುಚ್ಚಿ ಕುಡಿದೆ, ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಮಂಚ ಎಳೆಯುವುದು ಶುರುವಾಯಿತು. ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿ, ಇಳಿದು, ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಓಡಿದೆ. ಬಸ್ಸು ಕಾಯಲಿಲ್ಲ, ಹೋಯಿತು. ನನಗೂ ಅದು ಕಾಯುವುದು ಬೇಕಿರಲಿಲ್ಲ.

ಅದೇ ಬಸ್ಸಿನಲ್ಲಿ ಅತ್ತೆಯ ಊರಿನವರೊಬ್ಬರಿದ್ದರು. ಅವರು ತಕ್ಷಣ ಫೋನು ಮಾಡಿದರು: "ನಿಮ್ಮಳಿಯ ಮುಖ ಗಂಟು ಹಾಕ್ಕೊಂಡು ದಾರೀಲೇ ಇಳಿದ್ಬಿಟ್ರು ಕಣಮ್ಮ. ಯಾಕೋ ಏನೋ."

ಅಳಿಯ ಮುನಿಸಿಕೊಂಡ ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮನೆಯಲ್ಲಿ ದೊಡ್ಡ ವಿಚಾರಣೆಯೇ ನಡೆಯಿತಂತೆ. ಊಟದಲ್ಲಿ ಹೆಚ್ಚುಕಮ್ಮಿ ಆಯಿತಾ, ಕೊಟ್ಟ ಪಂಚೆಯ ಅಂಚು ಸರಿಯಿರಲಿಲ್ಲವಾ, ಯಾರಾದರೂ ಏನಾದರೂ ಅಂದರಾ. ಕೊನೆಗೆ ಬಾಮೈದನನ್ನು ಬೈಕಿನಲ್ಲಿ ಓಡಿಸಿದರು. ಅವನು ಬಂದಾಗ ನಾನು ಬದುವಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ.

"ಭಾವ, ಅಮ್ಮ ಅಳ್ತಾ ಕೂತವ್ರೆ. ತಪ್ಪಾಗಿದ್ರೆ ಹೊಟ್ಟೇಗ್ ಹಾಕ್ಕೊಳಿ" ಎಂದು ಅವನು ಬೈಕಿನ ಹ್ಯಾಂಡಲಿನಿಂದ ಒಂದು ಸ್ಟೀಲ್ ಕ್ಯಾನ್ ಬಿಚ್ಚಿಕೊಟ್ಟ. "ಒಂದೇ ಲೋಟ ಕೊಟ್ಟಿದ್ದಕ್ಕೆ ಬೇಜಾರಾಯ್ತೇನೋ ಅಂತ, ಕ್ಯಾನ್ ತುಂಬ ಹಾಲು ಕಳ್ಸವ್ರೆ."

ಹೊಟ್ಟೆಯೊಳಗಿನ ಊರು

ಬಾಮೈದನಿಗೆ ನಿಜ ಹೇಳಲೇಬೇಕಾಯಿತು. ಅವನಿಂದ ವಿಷಯವೆಲ್ಲ ತಿಳಿದ ನನ್ನ ಹೆಂಡತಿ ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಪರೀಕ್ಷೆ ಮಾಡಿ, ಹಾಲು ಬಿಡಿಸಿ ನೋಡಿ, ಎರಡನೇ ಸಲ ಹೋದಾಗ ಹೇಳಿದರು: "ಇದು ರೋಗ ಅಲ್ಲಪ್ಪ. ಹಾಲಿನಲ್ಲಿ ಒಂದು ಸಕ್ಕರೆ ಇದೆ. ಅದನ್ನ ಒಡೆಯೋಕೆ ಸಣ್ಣ ಕರುಳಿನ ಜೀವಕೋಶಗಳು ಲ್ಯಾಕ್ಟೇಸ್ ಅಂತ ಒಂದು ಕಿಣ್ವ ಮಾಡ್ತವೆ. ಹಸುಗೂಸಾಗಿದ್ದಾಗ ಹೆಚ್ಚುಕಮ್ಮಿ ಎಲ್ಲಾ ಕೋಶಾನೂ ಮಾಡ್ತಿತ್ತು. ದೊಡ್ಡೋನಾದ ಮೇಲೆ ನಿನ್ನಲ್ಲಿ ಬಹಳಷ್ಟು ನಿಲ್ಲಿಸಿಬಿಟ್ಟಿವೆ. ಒಂದು ಕೋಶ ಮಾಡುತ್ತೆ, ಪಕ್ಕದ್ದು ಮಾಡಲ್ಲ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಗಲಾಟೆ ಎಬ್ಬಿಸುತ್ತೆ."

ನನಗೆ ತಲೆಬುಡ ತಿಳಿಯಲಿಲ್ಲ. ಅಕ್ಕಪಕ್ಕ ಇದ್ದುಕೊಂಡು ಒಂದು ದುಡಿಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ ಎಂದರೆ ಹೇಗೆ?

"ಏನು ಕೆಲಸ ಮಾಡ್ತೀಯಪ್ಪ?" ಎಂದು ಕೇಳಿದರು.

ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯಲು ಎಂದು ಆಮೇಲೆ ಗೊತ್ತಾಯಿತು.

"ಸರಿ. ನಿಮ್ಮೂರಲ್ಲಿ ಎಲ್ಲಾ ಮನೆಯೋರೂ ಹಾಲು ಹಾಕ್ತಾರಾ?"

"ಎಲ್ಲಿ ಸಾರ್. ಒಂದು ಮನೆಯೋರು ಹಾಕ್ತಾರೆ, ಪಕ್ಕದ ಮನೇಲಿ ಕ್ಯಾನು ಬೋರಲು ಬಿದ್ದಿರುತ್ತೆ."

"ಅದೇ ನಿನ್ನ ಕರುಳು. ಹಾಕೋ ಮನೆ ಕಮ್ಮಿ. ಒಸಿ ಹಾಲಾದರೆ ಅಷ್ಟೇ ಮನೆಗಳು ಹೆಂಗೋ ನಿಭಾಯಿಸ್ತವೆ. ಲೋಟಗಟ್ಟಲೆ ಸುರಿದ್ರೆ ಆಗಲ್ಲ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ತೊಂದರೆ ಕೊಡಲ್ಲ."

ಈಗ ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದ ಮೇಲೆ ಸೆಕ್ರೆಟರಿ ಬುದ್ಧಿ ಎಲ್ಲಿಗೆ ಹೋಗುತ್ತದೆ?

"ಸಾರ್, ಹಾಕದೆ ಇರೋರಿಗೆ ಒಂದು ನೋಟಿಸು ಕೊಡೋಕಾಗುತ್ತಾ?" ಎಂದು ಕೇಳಿದೆ.

ಹಾಲಿಲ್ಲದ ಕಾಫಿ

ಒಸಿ ಕುಡಿದರೆ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಹೆಂಡತಿಯ ಕಿವಿಗೆ ಬಿದ್ದಿರಲಿಲ್ಲ. ತನ್ನ ತವರಿನ ಹಾಲಿನಿಂದ ಗಂಡನಿಗೆ ಹೀಗಾಯಿತಲ್ಲ ಎಂಬ ಸಂಕಟ ಅವಳಿಗೆ. ಪಾಪ, ಅಂದಿನಿಂದ ನನಗೆ ಬರೀ ಡಿಕಾಕ್ಷನ್ನಿಗೆ ಬೆಲ್ಲ ಹಾಕಿ ಕೊಡತೊಡಗಿದಳು. ಅವಳ ಅಕ್ಕರೆ ನನಗೆ ಗೊತ್ತಿದ್ದುದರಿಂದ ಆ ಕಹಿಯನ್ನೂ ಖುಷಿಯಿಂದಲೇ ಕುಡಿದೆ.

ಒಂದು ದಿನ ಜಗುಲಿಯ ಮೇಲೆ ಹಾಗೆ ಕುಡಿಯುತ್ತಿದ್ದಾಗ ಎದುರು ಬೀದಿಯ ಅಜ್ಜಿ ನೋಡಿಬಿಟ್ಟಳು. ನಾಲ್ಕು ಹಸು ಕಟ್ಟಿದವಳು, ನಮ್ಮ ಡೈರಿಗೆ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು. ಗಂಟಲೂ ಹಾಗೇ, ಊರಿಗೆಲ್ಲ ಸಾಕಾಗುವಷ್ಟು. "ಏಮಪ್ಪ, ಡೈರಿ ಸೆಕ್ರೆಟ್ರಿ ಮನೇಲಿ ಹಾಲಿಲ್ಲದ ಕಾಫಿ?" ಎಂದಳು. ಹೊಟ್ಟೆಯ ವಿಷಯ ಹೇಳಲು ನನಗೆ ನಾಚಿಕೆಯಾಯಿತು. ಸುಮ್ಮನೆ ನಕ್ಕೆ. ಆ ನಗುವೇ ಮುಳುವಾಯಿತು.

ಸಂಜೆಯೊಳಗೆ ಊರೆಲ್ಲ ಮಾತು. ಸೆಕ್ರೆಟರಿಯೇ ಡೈರಿ ಹಾಲು ಮುಟ್ಟುವುದಿಲ್ಲವಂತೆ, ಅದರಲ್ಲಿ ಏನೋ ಬೆರೆಸುತ್ತಾನಂತೆ. ಇದು ಚಿಂತಾಮಣಿ ಕಡೆಯಿಂದ ಹಾಲು ಕೊಳ್ಳಲು ವ್ಯಾನು ತರುತ್ತಿದ್ದವನಿಗೆ ಹಬ್ಬವಾಯಿತು. ಮನೆಮನೆಗೆ ಹೋಗಿ, "ಅವನೇ ಕುಡಿಯಲ್ಲ, ನೀವ್ಯಾಕೆ ಅಲ್ಲಿ ಹಾಕ್ತೀರಿ" ಎನ್ನತೊಡಗಿದ. ನನ್ನ ಮುಂದಿನ ಸಾಲು ದಿನೇದಿನೇ ಸಣ್ಣದಾಯಿತು. ಹಾಲು ಬರದಿದ್ದರೆ ಡೈರಿ ಮುಚ್ಚುತ್ತಾರೆ, ಡೈರಿ ಮುಚ್ಚಿದರೆ ನನ್ನ ಕೆಲಸ ಹೋಗುತ್ತದೆ. ಕಳ್ಳ ಎನಿಸಿಕೊಂಡು ಹೋಗುವುದು ಇನ್ನೂ ಕಷ್ಟ. ಆ ದಿನಗಳಲ್ಲಿ ನಾನು ನಿಜವಾಗಿ ಹೆದರಿದ್ದೆ.

ಒಬ್ಬ ರೈತ ಮಾತ್ರ ನೇರವಾಗಿ ಬಂದು, "ನಿಜ ಹೇಳಪ್ಪ, ನೀನು ಯಾಕೆ ಕುಡಿಯಲ್ಲ? ನಮ್ಮ ಹಾಲಲ್ಲಿ ಏನೈತೆ?" ಎಂದು ಕೇಳಿದ.

"ಹಾಲು ಕರೆದು ತಂದಿರೋನು ನೀನು. ಅದರಲ್ಲಿ ಏನೈತೆ ಅಂತ ನೀನೇ ಹೇಳಬೇಕು" ಎಂದೆ.

ಅವನು ತನ್ನ ಕ್ಯಾನಿನೊಳಗೆ ಒಮ್ಮೆ ಬಗ್ಗಿ ನೋಡಿ, ಮುಚ್ಚಳ ಹಾಕಿಕೊಂಡು, ಅಳತೆ ಕೊಡದೆ ಮನೆಗೆ ಹೋದ.

ಸಭೆ ಸುತ್ತಿದ ಲೋಟ

ಕೊನೆಗೆ ಸಂಘದ ಅಧ್ಯಕ್ಷರು ಒಂದು ಬೆಳಿಗ್ಗೆ ಡೈರಿ ಮುಂದೆಯೇ ಸಭೆ ಕರೆದರು. ಊರೆಲ್ಲ ಸೇರಿತು. ವ್ಯಾನಿನವನೂ ಬಂದು ಬೇಲಿಗೆ ಒರಗಿ ನಿಂತ. ನಾಲ್ಕು ಹಸುವಿನ ಅಜ್ಜಿ ತಾನು ತಂದ ಹಾಲಿನಲ್ಲೇ ಒಂದು ಲೋಟ ತುಂಬಿ ಮೇಜಿನ ಮೇಲೆ ಕುಕ್ಕಿದಳು.

"ಮಾತೆಲ್ಲ ಬ್ಯಾಡ. ಇದನ್ನ ಎಲ್ಲರ ಮುಂದೆ ಕುಡೀಲಿ. ಕುಡಿದ್ರೆ ನಾಳೆಯಿಂದ ಎಲ್ಲರೂ ಇಲ್ಲೇ ಹಾಕ್ತೀವಿ. ಇಲ್ಲಾಂದ್ರೆ ವ್ಯಾನು."

"ಕುಡಿದ್ಬಿಡಪ್ಪ, ಒಂದು ಲೋಟ ತಾನೇ" ಎಂದು ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ಲೋಟ ಎತ್ತಿಕೊಂಡೆ. ಕುಡಿದರೆ ಡೈರಿ ಉಳಿಯುತ್ತದೆ, ಆದರೆ ಸಭೆ ಮುಗಿಯುವುದರೊಳಗೆ ನಾನು ಎದ್ದು ಓಡುತ್ತೇನೆ. ಓಡಿದರೆ ಹಾಲು ಕೆಟ್ಟಿದೆ ಎಂಬುದಕ್ಕೆ ನಾನೇ ಸಾಕ್ಷಿ. ಲೋಟ ಬಾಯಿಯ ಹತ್ತಿರ ತರುವಷ್ಟರಲ್ಲಿ ಹಾಲು ಅಂಗಿಯ ಮೇಲೆ ತುಳುಕಿತು.

ಆಗ ಹೆಂಗಸರ ನಡುವಿನಿಂದ ನನ್ನ ಹೆಂಡತಿ ಎದ್ದು ಬಂದಳು. ಸಭೆಯಲ್ಲಿ ಅವಳು ಅದಕ್ಕೆ ಮುಂಚೆ ಬಾಯಿ ತೆರೆದವಳಲ್ಲ. ನನ್ನ ಕೈಯಿಂದ ಲೋಟ ಕಿತ್ತುಕೊಂಡು, ಸಾದಲಿಯ ಬಸ್ಸಿನಿಂದ ಹಿಡಿದು ಡಾಕ್ಟರು ಹೇಳಿದ ಹೊಟ್ಟೆಯೊಳಗಿನ ಊರಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

"ಇವರೊಬ್ಬರದೇ ಹೊಟ್ಟೆ ಹಿಂಗೇನು?" ಎಂದು ಅವಳು ಕೇಳಿದಳು. "ತಗೊಳಿ ಅಧ್ಯಕ್ಷರೆ, ಒಂದು ಲೋಟ ತಾನೇ. ನೀವು ಕುಡೀರಿ."

ಅಧ್ಯಕ್ಷರು ಲೋಟ ನೋಡಿದರು. "ನಂದು ಈಗಷ್ಟೇ ಮುದ್ದೆ ಆಯ್ತಮ್ಮ" ಎಂದು ಪಕ್ಕದಲ್ಲಿದ್ದ ಸಂಘದ ನಿರ್ದೇಶಕರಿಗೆ ದಾಟಿಸಿದರು. ಅವರು, "ಇವತ್ತು ನಂಗೆ ಒಪ್ಪೊತ್ತು" ಎಂದು ಇನ್ನೊಬ್ಬರಿಗೆ ಕೊಟ್ಟರು. ಇನ್ನೊಬ್ಬರು ದೂರದ ಊರಿಗೆ ಹೊರಟಿದ್ದೇನೆ, ದಾರಿಯಲ್ಲಿ ಕಷ್ಟ ಎಂದರು. ಒಂದಿಬ್ಬರು ಹುಡುಗರು ಕುಡಿಯಲು ಮುಂದೆ ಬಂದರು, ಆದರೆ ನನ್ನ ಹೆಂಡತಿ ಬಿಡಲಿಲ್ಲ, ದೊಡ್ಡವರದು ಮೊದಲು ಎಂದಳು. ಹೀಗೆ ಲೋಟ ಸುತ್ತಿ ಸುತ್ತಿ ಕೊನೆಗೆ ಅದನ್ನು ತುಂಬಿದ ಅಜ್ಜಿಯ ಕೈಗೇ ಬಂತು.

ಅಜ್ಜಿ ಈ ಸಲ ಲೋಟವನ್ನು ಕುಕ್ಕದೆ ಮೇಜಿನ ಮೇಲಿಟ್ಟಳು. ಆ ಗಂಟಲು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

"ನಂಗೂ ಆಗಲ್ಲ ಕಣಮ್ಮ" ಎಂದಳು. "ಕುಡಿದ್ರೆ ಗುಡುಗುತ್ತೆ. ನನ್ನ ಮಕ್ಕಳಿಗೂ ಹಂಗೇ."

ಮೊದಲು ಹೆಂಗಸರು ನಕ್ಕರು, ಆಮೇಲೆ ಅಧ್ಯಕ್ಷರು, ಆಮೇಲೆ ಊರೇ ನಕ್ಕಿತು. ಒಬ್ಬೊಬ್ಬರೇ ತಮ್ಮ ತಮ್ಮ ಹೊಟ್ಟೆಯ ಕಥೆ ತೆಗೆದರು. ಅಜ್ಜಿ ನನ್ನ ಹತ್ತಿರ ಬಂದು, "ಮೊದಲೇ ಹೇಳ್ಬಾರ್ದೇನಪ್ಪ" ಎಂದು ನನ್ನ ಅಂಗಿಯ ಮೇಲೆ ಚೆಲ್ಲಿದ್ದ ಹಾಲನ್ನು ತನ್ನ ಸೆರಗಿನಿಂದ ಒರೆಸಿದಳು. ನನ್ನ ಕಣ್ಣು ತುಂಬಿ ಬಂತು. ಜನ ಕ್ಯಾನು ಎತ್ತಿಕೊಂಡು ಮತ್ತೆ ನನ್ನ ಕಿಟಕಿಯ ಮುಂದೆ ಸಾಲು ನಿಂತರು.

ವ್ಯಾನಿನವನಿಗೆ ಹೊಟ್ಟೆ ಉರಿಯಿತು. ಬೇಲಿಯ ಹತ್ತಿರದಿಂದಲೇ ಕೂಗಿದ: "ಅಲ್ಲಜ್ಜಿ, ನೀನೇ ಕುಡಿಯದ ಹಾಲನ್ನ ತಂದು ಡೈರಿಗೆ ಹಾಕ್ತೀಯಲ್ಲ, ಇದು ನ್ಯಾಯಾನಾ?"

ಅಜ್ಜಿ ಕ್ಯಾನು ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಏಮಪ್ಪ, ಕುಡಿಯೋ ಹೊಟ್ಟೆ ಮನೇಲಿದ್ದಿದ್ರೆ ಡೈರಿಗ್ಯಾಕೆ ತರ್ತಿದ್ದೆ?"