ಭಾವನೂ ಬೀಗರ ಮನೆಯ ಚಹಾವೂ

ಮನುಷ್ಯನಿಗೆ ಇರುವ ಭಯಗಳು ಮೂರು: ವ್ಯಾಧಿ, ವೃದ್ಧಾಪ್ಯ, ಮರಣ. ಬಲ್ಲವರು ಬಹುಕಾಲದಿಂದ ಹೀಗೆ ಹೇಳುತ್ತ ಬಂದಿದ್ದಾರೆ. ಪಾಪ, ಆ ಬಲ್ಲವರಲ್ಲಿ ಒಬ್ಬರಾದರೂ ನಮ್ಮ ಭಾವನ ಜೊತೆ ಗಂಡಿನ ಮನೆ ನೋಡಲು ಹೋದವರಲ್ಲ!

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಅತ್ಯಂತ ಅಪಾಯಕಾರಿ ಮನುಷ್ಯ. ಕೈಯಲ್ಲಿ ಕತ್ತಿಯಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಎರಡು ಕೈ ಮುಗಿದು ‘ಬ್ಯಾಡ್ರಿ’ ಎನ್ನುತ್ತಾರೆ, ಅಷ್ಟೇ. ಎದುರಿನವರು ಅಲ್ಲಿಗೇ ತಣ್ಣಗಾಗುತ್ತಾರೆ.

ನಾವು ಬೀದರ ಕಡೆಯ ಶಿವಭಕ್ತರು. ನಾಶಿಕಕ್ಕೆ ಬಂದು ನಾನು ಅಂಬಡ್‌ನಲ್ಲಿ ಅಂಗಡಿ ಇಟ್ಟೆ. ಭಾವ ಓಝರ್ ಬಳಿ ವಿಮಾನದ ಕಾರ್ಖಾನೆ ಸೇರಿದರು. ನಿವೃತ್ತರಾದ ಮೇಲೆ ಒಂದು ದಿನ ಊಟದ ನಡುವೆ ಮಜ್ಜಿಗೆ ಬೇಡವೆಂದರು. ಅಕ್ಕ ಕಾಮಾಲೆಯೆಂದು ಹೆದರಿ ಅವರ ರೆಪ್ಪೆ ಎತ್ತಿ ಕಣ್ಣು ಪರೀಕ್ಷಿಸಿದಳು. ಕಣ್ಣು ಬೆಳ್ಳಗಿದ್ದವು. ವಾರದೊಳಗೆ ಮೊಸರು, ತುಪ್ಪ, ಜೇನು ಎಲ್ಲವೂ ಹೋದವು. ವೀಗನ್ ಅಂತೆ, ಪ್ರಾಣಿಯಿಂದ ಬಂದದ್ದೇನೂ ಬೇಡವಂತೆ! ಮಾಂಸ ತಿನ್ನುವವರನ್ನು ತಲೆಮಾರುಗಳಿಂದ ಒಂದು ಮೆಟ್ಟಿಲು ಮೇಲೆ ನಿಂತು ನೋಡಿದ ಮನೆತನ ನಮ್ಮದು. ನಮಗಿಂತಲೂ ಮೇಲಿನ ಮೆಟ್ಟಿಲೊಂದಿದೆ ಎಂದು ಯಾರು ಕಂಡಿದ್ದರು?

“ಹಂಗಾರ ವಿಭೂತಿ? ಅದೂ ಆಕಳ ಸಗಣೀದೇ ಅಲ್ಲೇನ್ರಿ?” ಎಂದು ನಾನು ಕೆಣಕಿದೆ.

“ತಮ್ಮಾ, ಅದು ಆಕಳು ತಾನೇ ಬ್ಯಾಡಂತ ಬಿಟ್ಟಿದ್ದು,” ಎಂದರು ಭಾವ. ವಾದ ಮುಗಿಯಿತು.

ಇಷ್ಟರಲ್ಲಿ ಅವರ ಮಗಳು ಸಂಭಾಜಿನಗರದ ಬಳಿ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಅಲ್ಲಿಯ ಹುಡುಗನನ್ನೇ ಮೆಚ್ಚಿದಳು. ಹುಡುಗನ ಮನೆ ಸಂಭಾಜಿನಗರದಲ್ಲೇ. ಭಾಲ್ಕಿ ಕಡೆಯ ಮರಾಠರು, ಕನ್ನಡ ಚೆನ್ನಾಗಿ ಬರುತ್ತದೆ. ಹುಡುಗನ ತಂದೆ ಭಾನುವಾರದ ಮಟನ್ನನ್ನು ತಾವೇ ಮಾಡುವರಂತೆ, ಹೆಂಡತಿಗೂ ಸೌಟು ಕೊಡುವುದಿಲ್ಲವಂತೆ! ಆದರೆ ನನಗೆ ನಡುಕ ಹುಟ್ಟಿಸಿದ್ದು ಮಟನ್ ಅಲ್ಲ, ಚಹಾ. ನಮ್ಮ ಕಡೆ ಸಂಬಂಧ ನೋಡಲು ಹೋದವರು ಆ ಮನೆಯ ಚಹಾ ಮುಟ್ಟದಿದ್ದರೆ ಸಂಬಂಧ ಬೇಡವೆಂದೇ ಅರ್ಥ. ಮಾತಿನ ಅಗತ್ಯವೇ ಇಲ್ಲ.

“ಮೊದಲೇ ಫೋನ್ ಮಾಡಿ ಹಾಲಿಲ್ಲದ ಚಾ ಮಾಡ್ರಿ ಅಂತ ಹೇಳೋಣೇನು?” ಎಂದೆ.

ಅಕ್ಕ ಸಿಡಿದಳು. “ಹೆಣ್ಣಿನ ಕಡೆಯವರು ನಾವು! ಇಂಥಾ ಚಾ ಬೇಕು ಅಂತ ಹುಕುಮ್ ಮಾಡ್ಲಿಕ್ಕೆ ನಾವೇನು ಸರದಾರರೇನು? ನೀ ಹ್ಯಾಂಗರೆ ಮಾಡಿ ನಿಮ್ಮ ಭಾವಗ ಕುಡಸು.”

ವಿಷ ಕುಡಿಸುವ ಕೆಲಸವಾದರೂ ನನಗೆ ಇಷ್ಟು ಕಠಿಣವಾಗುತ್ತಿರಲಿಲ್ಲ. ಭಾವ, ನಾನು ಇಬ್ಬರೇ ಹೊರಟೆವು; ದಾರಿಯಲ್ಲಿ ಯೇವಲಾ ದಾಟುವಾಗ ಕಾರಿನಲ್ಲಿ ಅಂಗಲಾಚಿದೆ: “ಒಂದೇ ಗುಟುಕು, ಭಾವಾ.”

“ಸುಳ್ಳು ಗುಟುಕು ಕುಡಿದು ಖರೇ ಬೀಗರು ಹ್ಯಾಂಗ ಆಗೋದು, ತಮ್ಮಾ?”

ಅಲ್ಲಿಂದ ಸಂಭಾಜಿನಗರದವರೆಗೆ ಸಿಕ್ಕ ಪ್ರತಿ ಗುಡಿಗೂ ಒಂದೊಂದು ತೆಂಗಿನಕಾಯಿಯ ಹರಕೆ ಹೊರುತ್ತ ಹೋದೆ.

ಹುಡುಗನ ತಂದೆಯ ಮೀಸೆ ನೋಡಿಯೇ ಹರಕೆಯ ಕಾಯಿ ಇಮ್ಮಡಿಯಾದವು. ಭಾವನ ಮಗಳು ಶೇಂದ್ರಾದಿಂದ ಆಗಲೇ ಬಂದು ಬಾಗಿಲ ಬಳಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಹುಡುಗನ ತಾಯಿ ಕೆನೆ ತೇಲುವ ಚಹಾ ತಂದರು. ನಾನು ನನ್ನದನ್ನು ಬಿಸಿಬಿಸಿಯಾಗಿಯೇ ನುಂಗಿ ನಾಲಿಗೆ ಸುಟ್ಟುಕೊಂಡೆ. ಭಾವ ಕೈ ಮುಗಿದರು.

“ಬ್ಯಾಡ್ರಿ.”

ತಾಯಿ ಆ ಕಪ್ಪನ್ನು ಮರಳಿ ತಟ್ಟೆಯಲ್ಲಿಟ್ಟರು.

“ಪಾವಣೇರ,” ಎಂದು ಅತಿಥಿಯನ್ನು ಕರೆದು ಕೇಳಿದರು ಮೀಸೆಯವರು, “ಸಂಬಂಧ ಪಸಂದ ಇಲ್ಲೇನ್ರಿ?”

“ಸಂಬಂಧ ಭಾಳ ಪಸಂದ ಅದರಿ. ಹಾಲು ಬಿಟ್ಟೀನ್ರಿ. ಆಕಳ ಹಾಲು ಅದರ ಕರೂಗ ಅಂತ ನನ್ನ ಮನಸ್ಸಿಗಿ ಬಂದಾದ.”

“ಹಾಲೇ ಪಾಪ ಅಂದ್ರ, ನಮ್ಮ ಮಟನ್?” ಮೀಸೆ ನಡುಗಿತು. “ನಮ್ಮವ್ವ ಆಡು ಸಾಕಿ ನಮ್ಮನ್ನ ಸಾಕ್ಯಾಳ್ರಿ. ಹಬ್ಬಕ್ಕ ಅದನ್ನೇ ಕೊಯ್ದು ಉಣಿಸ್ಯಾಳ. ನಾ ಅದನ್ನ ಪಾಪ ಅನ್ನಲ್ಲ.”

“ಅನಬ್ಯಾಡ್ರಿ. ನಾನೂ ಅಂದಿಲ್ಲ. ನಂಗ ಕೊಯ್ಯೋದು ಸರಿ ಕಾಣಲ್ಲ, ಅಷ್ಟೇ. ಅದಕ್ಕ ನಿಮ್ಮವ್ವನ ಅಡಿಗಿಗಿ ನಾ ಹೆಸರಿಡಲೇನು?”

“ನೀವು ಇಡಲ್ಲರಿ. ಆದ್ರ ನಾಳಿ ನಿಮ್ಮ ಮಗಳು ನನ್ನ ತಾಟ ನೋಡಿ ಎದ್ದು ಹೋದ್ರ? ಖರೇ ಹೇಳ್ತೀನಿ, ಮುಂಜಾನಿಂದ ಅದೇ ಅಂಜಿಕಿ ನಂಗ.”

ಆ ಮೀಸೆಗೂ ಅಂಜಿಕೆಯೇ! ನನ್ನ ಕಣ್ಣು ಭಾವನ ಮೇಲೆ ಹೋಯಿತು. ಯಾರಿಗೂ ಜಗ್ಗದ ಆ ಮನುಷ್ಯ ಮುಗಿದ ಕೈ ಬಿಟ್ಟು ಮಗಳ ಕಡೆ ನೋಡಿದರು.

“ನಂಗೂ ಅದೇ ಅಂಜಿಕಿರಿ,” ಎಂದರು. “ಆಕಿ ಪಲ್ಯಾ ಉಣ್ಣೋಕಿ, ನಿಮ್ಮ ಪಂಕ್ತ್ಯಾಗ ಕುಂತೇ ಉಣ್ತಾಳ. ಆದ್ರ ಆಕಿಗಿ ತುಪ್ಪಾ ಅಂದ್ರ ಜೀವ. ನಾ ಬಿಟ್ಟ ಮ್ಯಾಲೆ ನನ್ನ ಮುಂದ ಒಂದಿನ ಮುಟ್ಟಿಲ್ಲ. ಮನಿಗಿ ಬಂದಾಗೆಲ್ಲ ಅಪ್ಪಗ ಬ್ಯಾಸರ ಆಗ್ತದಂತ ಒಣಾ ರೊಟ್ಟಿ ತಿಂತಾಳ. ನಾ ಕಂಡೂ ಸುಮ್ಮನಿದ್ದೆ. ಒಂದು ಮನ್ಯಾಗ ಅಂಜಿ ಉಂಡದ್ದು ಸಾಕು. ನಿಮ್ಮ ಮನ್ಯಾಗ ಆಕಿ ಯಾರಿಗೂ ಅಂಜಿ ಉಣಬಾರದು, ಅಂಜಿ ಬಿಡಲೂಬಾರದು. ತುಪ್ಪಾ ಹಾಕ್ರಿ ಆಕಿಗಿ.”

ಬಾಗಿಲ ಬಳಿ ನಿಂತವಳು ಸೆರಗಿಲ್ಲದ ಕಾರಣ ಓಢಣಿಯಲ್ಲೇ ಮುಖ ಮುಚ್ಚಿಕೊಂಡಳು.

ಮೀಸೆಯವರು ಎದ್ದು ಒಳಗೆ ಹೋದರು. ಹೆಂಡತಿಗೆ ಕೂಡ ಒಲೆಯ ಹತ್ತಿರ ಜಾಗ ಕೊಡದೆ, ಶುಂಠಿ ಜಜ್ಜಿ ಹಾಲಿಲ್ಲದ ಚಹಾ ಕುದಿಸಿ ಎರಡು ಕಪ್ಪು ಹಿಡಿದು ಬಂದರು. ಒಂದನ್ನು ಭಾವನ ಕೈಗಿಟ್ಟು, ಇನ್ನೊಂದನ್ನು ತಾವು ಕುಡಿದು ಮುಖ ಕಿವುಚಿದರು.

“ರುಚಿ ಇಲ್ಲ ನೋಡ್ರಿ. ಆದ್ರೂ ಕುಡೀರಿ, ಬೀಗರ.”

ಭಾವ ಪೂರ್ತಿ ಕುಡಿದರು. ಮುಂದಿನ ಭಾನುವಾರ ನಾಶಿಕದಲ್ಲಿ ನಿಶ್ಚಿತಾರ್ಥ ನಡೆಯಿತು.